ಬಿಲ್ವದೆಲೆಯ ಅಳತೆ

ದೊಡ್ಡಪ್ಪ ತೀರಿಕೊಂಡ ಮೇಲೆ ಅವರ ಗದ್ದುಗೆಯ, ಅಂದರೆ ಸಮಾಧಿಯ, ಕಲ್ಲು ಕೆತ್ತುವ ಕೆಲಸವನ್ನು ನಾರಾಯಣಖೇಡದ ಸೋದರತ್ತೆ ನನಗೆ ವಹಿಸಿದರು. ಅವರ ಸ್ವಂತ ಮಗ ಇರುವಾಗ ನನಗೆ. ಆ ಮಗ, ನನ್ನ ದೊಡ್ಡಪ್ಪನ ಕಡೆಯ ಅಣ್ಣ, ಉರಿದುಹೋದ. ನಾವಿಬ್ಬರೂ ಮಾತು ಬಿಟ್ಟು ಆಗಲೇ ಬಹಳ ಕಾಲವಾಗಿತ್ತು.

ತಾಂಡೂರಿನ ನಮ್ಮ ಕಲ್ಲಿನ ಅಂಗಡಿ ದೊಡ್ಡಪ್ಪ ಹಾಕಿದ್ದು. ಪಾಲಾದಾಗ ಅಣ್ಣ ಕಂಪ್ಯೂಟರಿನ ಲೆಕ್ಕದಂತೆ ಕಲ್ಲು ಕೆತ್ತುವ ಹಳೇ ಮಷಿನ್ನು ಒಯ್ದ, ನನಗೆ ಕಂಪ್ಯೂಟರ್ ಬಂತು. ಮಷಿನ್ನು ಅವನ ಶೆಡ್ಡಿನಲ್ಲಿ ನೀರು ಕುಡಿದು ಸುಟ್ಟುಹೋಯಿತು. ನಾನು ಹೊಸದು ತಂದೆ.

ದೊಡ್ಡಮ್ಮನ ಗದ್ದುಗೆಗೆಂದು ದೊಡ್ಡಪ್ಪ ತಾವೇ ಕಂಪ್ಯೂಟರಿನಲ್ಲಿ ಒಂದು ಬಿಲ್ವದೆಲೆ ಬರೆದಿದ್ದರು. ತಮ್ಮ ಕಲ್ಲಿಗೂ ಅದೇ ಇರಲಿ ಎಂದಿದ್ದರು. ಅದರ ಫೈಲು ನನ್ನಲ್ಲಿತ್ತು, ಆದರೆ ಹಳೇ ಮಷಿನ್ನಿಗೆ ಮಾತ್ರ ತಿಳಿಯುವ ರೀತಿಯಲ್ಲಿ. ತೆರೆದರೆ ಬರೀ ಅಂಕಿಗಳು: ಅಡ್ಡ, ಉದ್ದ, ಆಳ. ಮಿಲಿಮೀಟರೋ ಇಂಚೋ, ಸುಳಿವಿಲ್ಲ. ಆಳವನ್ನು ಕಲ್ಲಿನ ಮೇಲಿನಿಂದ ಕೆಳಕ್ಕೆ ಎಣಿಸಿದ್ದೋ, ತಳದಿಂದ ಮೇಲಕ್ಕೋ, ಅದೂ ಇಲ್ಲ. ಮಷಿನ್ನು ಮಾಡಿದ ಕಂಪನಿ ಬಾಗಿಲು ಹಾಕಿತ್ತು. ಅಂದಾಜಿನ ಮೇಲೆ ಹೊಸ ಮಷಿನ್ನಿನಲ್ಲಿ ಓಡಿಸಿ ನೋಡಿದೆ. ಉಳಿ ನೇರ ಕಲ್ಲಿಗೆ ನುಗ್ಗಿ ಮುರಿಯಿತು, ಕಲ್ಲೂ ಸೀಳಿತು.

ಹಲ್ಲು ಕಚ್ಚಿ ಅಣ್ಣನಿಗೆ ಫೋನು ಮಾಡಿದೆ.

"ಅಣ್ಣ, ಆ ಮಷಿನ್ನಿಗಿ ಆಳ ಎಲ್ಲಿಂದ ಲೆಕ್ಕ?"

"ಕೆಲಸ ನಿನಗ ಅತ್ತಿ ಕೊಟ್ಟಾಳಲ್ಲ? ಅಕಿನ್ನೇ ಕೇಳು."

ಫೋನು ಇಟ್ಟುಬಿಟ್ಟ. ಬೇಡ, ನಿನ್ನ ಹಂಗು ಬೇಡವೆಂದು ಟೇಪು ಮತ್ತು ಹದ ಮಾಡಿದ ಜೇಡಿಮಣ್ಣು ಹಿಡಿದು ಕಲ್ಹೇರಿನ ಹೊಲಕ್ಕೆ ಹೋದೆ. ದೊಡ್ಡಮ್ಮನ ಕಲ್ಲು ಅಲ್ಲಿದೆ. ವರ್ಷಗಳ ವಿಭೂತಿ, ಅರಿಶಿನ, ಎಣ್ಣೆ ಕೂತು ಎಲೆಯ ನರಗಳು ಉಬ್ಬೋ ತಗ್ಗೋ ಕಣ್ಣಿಗೆ ತಿಳಿಯುತ್ತಿರಲಿಲ್ಲ. ಕಲ್ಲು ತೊಳೆದು, ಎಲೆಯ ಅಗಲ ಅಳೆದು, ಮಣ್ಣು ಒತ್ತಿ ಅಚ್ಚು ತೆಗೆಯುತ್ತಿದ್ದಾಗ ಹಿಂದಿನಿಂದ ಅಣ್ಣನ ದನಿ.

"ನಮ್ಮವ್ವನ ಕಲ್ಲಿಗಿ ಮಣ್ಣು ಮೆತ್ತಾಕ ನಿನಗ ಯಾರು ಹೇಳ್ಯಾರ?"

"ನೀ ಒಂದು ಮಾತು ಹೇಳಿದ್ರ ನಾ ಇಲ್ಲಿಗಿ ಬರ್ತಿರಲಿಲ್ಲ."

"ಹೇಳಂಗಿಲ್ಲ. ಏನ್ ಮಾಡ್ತಿ?"

ಟೇಪು ಕಿತ್ತುಕೊಂಡು ತೊಗರಿಯ ಸಾಲಿನೊಳಕ್ಕೆ ಎಸೆದ. ಕೈ ಎತ್ತಬೇಕೆನಿಸಿತು. ಆದರೆ ಅಂಗೈಯಲ್ಲಿ ಹಸಿ ಅಚ್ಚಿತ್ತು, ಮುಷ್ಟಿ ಕಟ್ಟಿದರೆ ಹಾಳಾಗುತ್ತಿತ್ತು. ಅದನ್ನು ಕಾಪಾಡಿಕೊಂಡು ಗಾಡಿ ಹತ್ತಿದೆ.

ಅಚ್ಚಿನಲ್ಲಿ ನರಗಳ ಜಾಗ ತಗ್ಗಾಗಿತ್ತು. ಅಂದರೆ ಕಲ್ಲಿನಲ್ಲಿ ಅವು ಉಬ್ಬು. ಫೈಲಿನಲ್ಲಿ ನರಗಳಿಗೆ ದೊಡ್ಡ ಅಂಕಿ. ಹಾಗಾದರೆ ಎಣಿಕೆ ತಳದಿಂದ ಮೇಲಕ್ಕೆ; ಮೇಲಿನಿಂದ ಕೆಳಕ್ಕೆ ಎಣಿಸುವ ಹೊಸ ಮಷಿನ್ನಿಗೆ ತಿರುವುಮುರುವು. ಅಳೆದ ಅಗಲವನ್ನು ಅಂಕಿಗಳ ಪಕ್ಕ ಇಟ್ಟಾಗ ಅಳತೆಯೂ ಬಾಯಿಬಿಟ್ಟಿತು: ಒಂದು ಮಿಲಿಮೀಟರನ್ನು ನೂರು ಪಾಲು ಮಾಡಿ ಎಣಿಸಿದ್ದರು. ಎಲ್ಲ ಅಂಕಿಗಳನ್ನೂ ಬದಲಿಸುವ ಸಣ್ಣದೊಂದು ಪ್ರೋಗ್ರಾಂ ಬರೆದೆ. ಮೊದಲು ಒಡಕು ಬಂಡೆಯ ಮೇಲೆ ಓಡಿಸಿದೆ. ಎಲೆ ಮೂಡಿತು. ಖುಷಿಗಿಂತ ಹೆಚ್ಚಾಗಿ, ಅವನನ್ನು ಸೋಲಿಸಿದೆನೆಂಬ ಸೊಕ್ಕು.

ಕಲ್ಲು ಕೂರಿಸಿದ ದಿನ ಅಣ್ಣ ಬಂದು ಎಲೆಯ ಮೇಲೆ ಬೆರಳಾಡಿಸಿದ.

"ನರ ದಪ್ಪ ಆಗ್ಯಾವ."

"ನಿನ್ನ ಮಷಿನ್ನಿಂದ ಸಣ್ಣ ಮಾಡಿ ತೋರಸು, ನೋಡೋಣ."

"ನಿಮ್ಮ ದೊಡ್ಡವ್ರ ತಲಿ ಮ್ಯಾಲ ನಿಂತು ಬಡದಾಡ್ತೀರೇನ್ರೋ? ಬಾಯಿ ಮುಚ್ಚರಿ ಇಬ್ರೂ," ಎಂದರು ಅತ್ತೆ.

ಎಲ್ಲರೂ ಊಟಕ್ಕೆ ಎದ್ದಾಗ ಅಣ್ಣ ನನ್ನ ಹತ್ತಿರ ಬಂದು ಕೈ ಚಾಚಿದ.

"ಆ ಫೈಲ್ ನಮ್ಮಪ್ಪಂದು. ಕೊಡು."

ಪೆನ್‌ಡ್ರೈವಿಗೆ ಹಾಕಿ ಕೊಟ್ಟೆ. ಹಳೆಯದನ್ನೇ, ದೊಡ್ಡಪ್ಪ ಬಿಟ್ಟುಹೋದ ಹಾಗೆ. ಹೊಸ ಮಷಿನ್ನಿಗೆ ಬದಲಿಸಿದ್ದನ್ನು ಅವನು ಕೇಳಲಿಲ್ಲ, ನಾನೂ ಕೊಡಲಿಲ್ಲ.