ಉದ್ದ ಸ್ವರದ ಪರೀಕ್ಷೆ

ಕನ್ಸರ್ಟೀನಾ ಕೊಳ್ಳಲು ಹೊರಟ ಆ ಶನಿವಾರ ಬೆಳಿಗ್ಗೆ ನಾನು ಒಂದು ತುತ್ತು ಅವಲಕ್ಕಿಯನ್ನೂ ತಿನ್ನಲಿಲ್ಲ. ವಾದ್ಯ ಕೊಳ್ಳಲು ಹೋಗುವವರು ಹೆದರುತ್ತಾರೆಯೇ ಎಂದು ನೀವು ನಗಬಹುದು. ನಾನಂತೂ ಹೆದರಿದ್ದೆ, ಆಪರೇಷನ್ನಿಗೆ ಹೊರಟವರ ಹಾಗೆ. ಏಕೆಂದು ಗಂಡನಿಗೂ ಹೇಳಿರಲಿಲ್ಲ.

ಕಾರಣ ನನ್ನ ಎಡಗೈ. ಕೆಲಸದಲ್ಲಿದ್ದಾಗ ಅದರ ತಕರಾರಿಲ್ಲ. ತರಕಾರಿ ಹೆಚ್ಚುತ್ತದೆ, ಆಫೀಸಿನಲ್ಲಿ ಟೈಪು ಮಾಡುತ್ತದೆ. ಸ್ವಲ್ಪ ಹೊತ್ತು ಒಂದೇ ಕಡೆ ನಿಂತಿತೋ, ಸಣ್ಣಗೆ ನಡುಗಲು ಶುರು. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಅಪ್ಪನಿಗೂ ಹೀಗೇ ಆಗಿತ್ತು. ಸಂಜೆ ಚಹಾ ಕೊಟ್ಟರೆ ಅವನ ಕೈಯಲ್ಲಿ ಕಪ್ಪೂ ಬಸಿಯೂ ಕಟಕಟ ಸದ್ದು ಮಾಡುತ್ತಿದ್ದವು. ಮಕ್ಕಳಾದ ನಾವು ಅದನ್ನು ಅಣಕಿಸಿ ನಗುತ್ತಿದ್ದೆವು, ಅವನೂ ನಗುತ್ತಿದ್ದ. ಕೊನೆಗೆ ಅವನಿಗೆ ಅವ್ವ ತುತ್ತು ಮಾಡಿ ಉಣಿಸುವ ಹಾಗಾಯಿತು. ಆ ಕಾಯಿಲೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾನೇ ಬಾಗಿಲು ತೆಗೆದು ಅದನ್ನು ಒಳಗೆ ಕರೆದ ಹಾಗಾಗುತ್ತದೆ ಎಂಬ ಭಯ ಇವತ್ತಿಗೂ ಇದೆ.

ಮೊದಲು ನಾನು ಹಾರ್ಮೋನಿಯಂ ನುಡಿಸುತ್ತಿದ್ದೆ. ನಾವಿರುವ ಅಮೆರಿಕದ ಸ್ಯಾನ್ ರಮೋನ್‌ನಲ್ಲಿ ಯಾರ ಮನೆಯಲ್ಲಿ ಭಜನೆಯಿದ್ದರೂ ಪೆಟ್ಟಿಗೆಯ ಹಿಂದೆ ನಾನೇ. ಒಮ್ಮೆ ಎರಡು ಹಾಡುಗಳ ನಡುವೆ ಗಾಳಿ ಹಾಕುವ ಎಡಗೈಯನ್ನು ಪೆಟ್ಟಿಗೆಯ ಮೇಲೆ ಇಟ್ಟುಕೊಂಡು ಕುಳಿತಿದ್ದೆ. ಎದುರಿಗಿದ್ದ ಹಿರಿಯ ಹೆಂಗಸು ಎಲ್ಲರಿಗೂ ಕೇಳುವ ಹಾಗೆ, "ಯಾಕವಾ, ಕೈ ಯಾಕ ಹಂಗ ನಡಗ್ಲಿಕ್ಕೆ ಹತ್ತದ?" ಎಂದರು. "ಎಸಿ ಭಾಳ ಥಂಡಿ ಅದರೀ" ಎಂದೆ. ಅಂದಿನಿಂದ ಭಜನೆಗೆ ಕರೆದವರಿಗೆಲ್ಲ ಒಂದೊಂದು ಸುಳ್ಳು ಹೇಳುತ್ತ ಬಂದೆ. ಹಾರ್ಮೋನಿಯಂ ಗ್ಯಾರೇಜಿಗೆ ಹೋಯಿತು.

ಆಗ ಆಫೀಸಿನ ಗೆಳತಿಯೊಬ್ಬಳು ಭಾನುವಾರ ಮಧ್ಯಾಹ್ನ ಒಂದು ಐರಿಶ್ ಪಬ್ಬಿಗೆ ಕರೆದುಕೊಂಡು ಹೋದಳು. ಬಿಯರು ಕುಡಿಯಲಿಕ್ಕಲ್ಲ, ಹಾಡು ಕೇಳಲಿಕ್ಕೆ. ಹತ್ತಾರು ಜನ ದುಂಡಗೆ ಕುಳಿತು ಪಿಟೀಲು, ಕೊಳಲು ಹಿಡಿದು ಓಡೋಡುವ ಕುಣಿತದ ಗತ್ತುಗಳನ್ನು ನುಡಿಸುತ್ತಿದ್ದರು. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ಒಬ್ಬಳ ತೊಡೆಯ ಮೇಲೆ ಆರು ಮೂಲೆಯ ಒಂದು ಪುಟ್ಟ ಪೆಟ್ಟಿಗೆ. ನಡುವೆ ಮಡಿಕೆ ಮಡಿಕೆಯ ತಿದಿ, ಎರಡು ಬದಿಗೂ ಗುಂಡಿಗಳು. ಅದೇ ಕನ್ಸರ್ಟೀನಾ. ಹಾರ್ಮೋನಿಯಂನ ಚಿಕ್ಕ ತಂಗಿಯ ಹಾಗಿತ್ತು. ಆದರೆ ನಾನು ಮರುಳಾದದ್ದು ಅದರ ದನಿಗಲ್ಲ. ನುಡಿಸುವವರ ಎರಡೂ ಕೈಗಳನ್ನು ಚರ್ಮದ ಪಟ್ಟಿ ಬಿಗಿಯಾಗಿ ಹಿಡಿದಿಟ್ಟುಕೊಂಡಿರುತ್ತದೆ. ಅದರೊಳಗೆ ಕೈ ನಡುಗಿದರೆ ಯಾರಿಗೆ ಕಾಣಬೇಕು!

ಗುಂಪಿನವರು ಒಂದು ಹಳೆಯ ಕನ್ಸರ್ಟೀನಾ ಎರವಲು ಕೊಟ್ಟರು. ಮೊದಲ ದಿನ ಅದು ಕೆಟ್ಟಿದೆ ಎಂದು ವಾಪಸು ಕೊಡಲು ಹೋಗಿದ್ದೆ. ಒಂದೇ ಗುಂಡಿಗೆ ತಿದಿ ಒತ್ತಿದಾಗ ಒಂದು ಸ್ವರ, ಎಳೆದಾಗ ಇನ್ನೊಂದು! ಹಾರ್ಮೋನಿಯಂನಲ್ಲಿ ಬೆಳೆದ ಕೈಗೆ ಇದು ಮೋಸವೆನ್ನಿಸಿತು. ಅದರ ಸ್ವಭಾವವೇ ಹಾಗೆ ಎಂದು ಎಲ್ಲರೂ ನಕ್ಕರು, ನಾನೂ ಕಲಿತೆ.

ಇನ್ನೊಂದು ಮೋಸ ನನಗೆ ತಿಳಿಯಲು ತಿಂಗಳುಗಳೇ ಬೇಕಾದವು. ಹಾರ್ಮೋನಿಯಂನ ಹೊಟ್ಟೆಯಲ್ಲಿ ಇನ್ನೊಂದು ತಿದಿ ಇರುತ್ತದೆ. ನಾವು ಹಾಕಿದ ಗಾಳಿ ಅಲ್ಲಿ ತುಂಬಿಕೊಂಡು ಸಮನಾಗಿ ಹೊರಗೆ ಬರುತ್ತದೆ, ಹಾಗಾಗಿ ಕೈ ಎಷ್ಟು ನಡುಗಿದರೂ ಸ್ವರ ನಡುಗುವುದಿಲ್ಲ. ಕನ್ಸರ್ಟೀನಾಕ್ಕೆ ಆ ಕರುಣೆಯಿಲ್ಲ. ಕೈ ಹೇಗೋ ಗಾಳಿ ಹಾಗೆ, ಗಾಳಿ ಹೇಗೋ ಸ್ವರ ಹಾಗೆ. ಓಡುವ ಗತ್ತುಗಳಲ್ಲಿ ಗೊತ್ತಾಗುತ್ತಿರಲಿಲ್ಲ. ಮನೆಯಲ್ಲಿ ಒಬ್ಬಳೇ ಕುಳಿತು ಒಂದು ಸ್ವರವನ್ನು ಉದ್ದಕ್ಕೆ ಹಿಡಿದರೆ ಮಾತ್ರ ಅದು ಅಲುಗಾಡುತ್ತಿತ್ತು.

ಆದರೆ ಎರವಲು ಪೆಟ್ಟಿಗೆಯ ತಿದಿಗೆ ಅಲ್ಲಲ್ಲಿ ಟೇಪು ಅಂಟಿಸಿದ್ದರು. ಗಾಳಿ ಸೋರುತ್ತದೆ ಎಂದು ಕೊಟ್ಟವರೇ ಹೇಳಿದ್ದರು. ಆ ಟೇಪನ್ನೇ ನಾನು ದೇವರಂತೆ ನಂಬಿದೆ. ಒಳ್ಳೆಯ ವಾದ್ಯದಲ್ಲಿ ಸ್ವರ ನೆಟ್ಟಗೆ ನಿಂತರೆ ನನಗೇನೂ ಆಗಿಲ್ಲ, ಅಲ್ಲಿಯೂ ನಡುಗಿದರೆ ಅಪ್ಪನಿಗೆ ಆದದ್ದೇ ನನಗೂ. ಡಾಕ್ಟರ ಬಳಿ ಹೋಗುವ ಎದೆಗಾರಿಕೆ ಇಲ್ಲದವಳು ಮಾಡಿಕೊಂಡ ಏರ್ಪಾಡು ಇದು.

ನನ್ನ ಗಂಡನಿಗೆ ಇದಾವುದೂ ಗೊತ್ತಿಲ್ಲವೆಂದು ತಿಳಿದಿದ್ದೆ. ಇವರದು ಧಾರವಾಡ, ಸಾಂಟಾ ಕ್ಲಾರಾದಲ್ಲಿ ಕೆಲಸ. ಎಲ್ಲಕ್ಕೂ ಒಂದೇ ಮಾತು: "ಏನೂ ಆಗೂದಿಲ್ಲ ಬಿಡು." ಭೂಮಿ ನಡುಗಿ ಅಡಿಗೆಮನೆಯ ಪಾತ್ರೆಗಳು ಗಲಗಲ ಎಂದಾಗಲೂ, ಆಫೀಸಿನಲ್ಲಿ ಪಕ್ಕದ ಟೀಮಿನವರನ್ನೆಲ್ಲ ಮನೆಗೆ ಕಳಿಸಿದಾಗಲೂ ಅದೇ ಮಾತು. ನನಗೆ ರೇಗುತ್ತಿತ್ತು, ಆದರೂ ಕೇಳಿದ ಮೇಲೆ ನಿದ್ದೆ ಬರುತ್ತಿತ್ತು. ಇತ್ತೀಚೆಗೆ ಸಂಜೆಯ ಚಹಾ ಮಾಡುವ ಕೆಲಸವನ್ನು ತಾವೇ ವಹಿಸಿಕೊಂಡಿದ್ದರು. ಅದೂ ಏನು ಚಹಾ, ಅರ್ಧ ಕಪ್ಪು!

"ಅಲ್ರೀ, ಇಷ್ಟು ಚಹಾ ಯಾರಿಗೆ ಸಾಲ್ತದ? ಗುಬ್ಬಿಗೆ ಇಟ್ಟಂಗ ಇಡ್ತೀರಲ್ಲ" ಎಂದು ಜಗಳ ತೆಗೆಯುತ್ತಿದ್ದೆ.

"ಕುಡಿ, ಆಮ್ಯಾಲೆ ಮತ್ತ ಹಾಕ್ತೀನಿ" ಎನ್ನುತ್ತಿದ್ದರು. ಹಾಕುತ್ತಿದ್ದರು ಕೂಡ, ಮತ್ತೆ ಅರ್ಧವೇ. ವಯಸ್ಸಾದಂತೆ ಗಂಡಸರಿಗೆ ಜಿಪುಣತನ ಹತ್ತುತ್ತದೆ ಎಂದುಕೊಂಡು ಸುಮ್ಮನಾದೆ.

ವಾದ್ಯ ಮಾರುವವರ ಮನೆ ವಾಲ್ನಟ್ ಕ್ರೀಕ್‌ನಲ್ಲಿತ್ತು. ಕಾರು ನಡೆಸಿಕೊಂಡು ಇವರೂ ಜೊತೆಗೆ ಬಂದಿದ್ದರು. ನಿವೃತ್ತ ಶಾಲಾ ಶಿಕ್ಷಕಿ, ಬೆಳ್ಳಗೆ ನರೆತ ಅಮೆರಿಕನ್ ಅಜ್ಜಿ. ಬೆರಳಿನ ಗೆಣ್ಣುಗಳು ಊದಿ ನುಡಿಸಲು ಆಗುತ್ತಿಲ್ಲವೆಂದು ತಮ್ಮ ಮೂರು ಕನ್ಸರ್ಟೀನಾಗಳನ್ನು ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟಿದ್ದರು. ಗತ್ತು ನುಡಿಸಿ ನೋಡಬೇಡ, ಮೊದಲು ಒಂದೇ ಗುಂಡಿ ಒತ್ತಿ ನಿಧಾನವಾಗಿ ಎಳೆ, ವಾದ್ಯದ ಹುಳುಕೆಲ್ಲ ಅದರಲ್ಲೇ ಹೊರಬೀಳುತ್ತದೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ನಾನು ಮನಸ್ಸಿನಲ್ಲಿ ಇಟ್ಟುಕೊಂಡು ಬಂದ ಪರೀಕ್ಷೆಯನ್ನೇ ಅವರು ಎಲ್ಲರೆದುರು ಮಾಡು ಎನ್ನುತ್ತಿದ್ದರು.

ಮೊದಲನೆಯದು ಹೊಸದು, ಗಟ್ಟಿ ತಿದಿ. ಕೈಗೆ ಪಟ್ಟಿ ಏರಿಸಿ ಎಳೆದೆ. ಸ್ವರ ಸ್ವಲ್ಪ ದೂರ ನೆಟ್ಟಗೆ ಹೋಗಿ, ಆಮೇಲೆ ಸಣ್ಣಗೆ ತೂಗಾಡಿತು. ತಿದಿ ಇನ್ನೂ ಪಳಗಿಲ್ಲ ಎಂದೆ. ಎರಡನೆಯದರಲ್ಲಿ ತೂಗಾಟ ಹೆಚ್ಚಾಯಿತು. ಪಟ್ಟಿ ಸಡಿಲ ಎಂದೆ. ಅಜ್ಜಿ ಪಟ್ಟಿ ಬಿಗಿ ಮಾಡಿಕೊಟ್ಟರು. ಮತ್ತೆ ಅದೇ.

ಮೂರನೆಯದು ಕಪ್ಪು ಬಣ್ಣದ್ದು, ಮೂರರಲ್ಲಿ ಚಿಕ್ಕದು, ಹಳೆಯದು. ಬೆಕ್ಕಿನ ಮರಿ ಎತ್ತಿಕೊಂಡಷ್ಟು ಹಗುರ. ತಿದಿ ರೇಷ್ಮೆಯಷ್ಟು ಮೆತ್ತಗೆ. ಗುಂಡಿ ಒತ್ತಿದ ಕೂಡಲೇ ಬಂದ ದನಿ ಎಷ್ಟು ಸಿಹಿಯಾಗಿತ್ತೆಂದರೆ ಒಂದು ಗಳಿಗೆ ಕೈಯನ್ನೇ ಮರೆತೆ. ಎಳೆಯುತ್ತ ಹೋದ ಹಾಗೆ ಅದು ಆಡು ಅರಚಿದಂತೆ ನಡುಗಿತು. ಕೋಣೆಯ ತುಂಬ ನನ್ನ ಎಡಗೈಯ ಸದ್ದು.

"ಇದ್ರಾಗ ಲೀಕ್ ಅದ" ಎಂದರು ಇವರು, ಥಟ್ಟನೆ. ಅಜ್ಜಿಗೂ ಇಂಗ್ಲಿಷಿನಲ್ಲಿ ಅದನ್ನೇ ಹೇಳಿದರು. ಅಜ್ಜಿ ವಾದ್ಯವನ್ನು ಒಂದು ಬದಿಯ ಪಟ್ಟಿ ಹಿಡಿದು ತೂಗುಬಿಟ್ಟರು. ಗಾಳಿ ಸೋರುವಂತಿದ್ದರೆ ಕೆಳಗಿನ ಬದಿ ತನ್ನ ಭಾರಕ್ಕೇ ಜಾರಿ ತಿದಿ ಬಿಚ್ಚಿಕೊಳ್ಳಬೇಕು. ಅದು ಬಿಚ್ಚಿಕೊಳ್ಳಲಿಲ್ಲ.

ಇವರು ಬಿಡಲಿಲ್ಲ. ಇಲ್ಲ, ಖಂಡಿತ ಲೀಕ್ ಇದೆ, ಒಳಗೆ ಎಲ್ಲೋ ಇದೆ ಎಂದು ದನಿ ಏರಿಸಿದರು. ಚೌಕಾಸಿ ಮಾಡುವ ಚಟ ಎಂದು ನಾನು ನಾಚಿಕೆಯಿಂದ ಕುಗ್ಗಿದೆ. "ಇಲ್ಲೆ ಕೊಡ್ರಿ, ನಾ ತೋರಸ್ತೀನಿ" ಎಂದು ಅಜ್ಜಿಗೆ ಕನ್ನಡದಲ್ಲೇ ಹೇಳಿ ವಾದ್ಯ ಕಸಿದುಕೊಂಡರು. ಜನ್ಮದಲ್ಲಿ ಒಂದು ಪೀಪಿ ಊದದ ಮನುಷ್ಯ. ನಾನು ಒತ್ತಿದ ಗುಂಡಿಯನ್ನೇ ಒತ್ತಿ ಎಳೆದರು.

ಸ್ವರ ನೆಟ್ಟಗೆ ಬಂತು. ತಿದಿ ಪೂರ್ತಿ ಬಿಚ್ಚಿಕೊಳ್ಳುವವರೆಗೂ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ. ಇವರು ಮತ್ತೊಮ್ಮೆ ಎಳೆದರು. ಮತ್ತೆ ಹಾಗೆಯೇ. ಮೂರನೆಯ ಸಲ ಎಳೆಯಲಿಲ್ಲ, ವಾದ್ಯವನ್ನು ಮೆಲ್ಲಗೆ ಮೇಜಿನ ಮೇಲೆ ಇಟ್ಟರು. ನಾನು ಎಡಗೈಯನ್ನು ಬಲಗೈಯಿಂದ ಮುಚ್ಚಿಕೊಂಡು ಕುಳಿತಿದ್ದೆ.

ಅಜ್ಜಿ ಏನು ಅರ್ಥ ಮಾಡಿಕೊಂಡರೋ, ಚಹಾ ತರುತ್ತೇನೆಂದು ಒಳಗೆ ಹೋದರು. ದೊಡ್ಡ ಕಪ್ಪುಗಳಲ್ಲಿ ಅಂಚಿನವರೆಗೆ ತುಂಬಿ ತಂದು ಬಸಿಯ ಸಮೇತ ನಮ್ಮಿಬ್ಬರ ಮುಂದಿಟ್ಟರು. ಇವರು ತಮ್ಮ ಕಪ್ಪಿನಿಂದ ನಾಲ್ಕು ಗುಟುಕು ಬಿಸಿಬಿಸಿಯಾಗಿಯೇ ನುಂಗಿ ಜಾಗ ಮಾಡಿಕೊಂಡರು. ಆಮೇಲೆ ನನ್ನ ಕಪ್ಪು ಎತ್ತಿ ಅದರ ಅರ್ಧ ಚಹಾವನ್ನು ತಮ್ಮದಕ್ಕೆ ಸುರಿದುಕೊಂಡು, ಉಳಿದದ್ದನ್ನು ಬಸಿಯಿಲ್ಲದೆ ನನ್ನ ಬಲಗೈಗೆ ಕೊಟ್ಟರು. ನನ್ನ ಮುಖ ನೋಡಲಿಲ್ಲ. ಕೈ ತಾನಾಗಿಯೇ ಮಾಡಿದ ಕೆಲಸ ಅದು, ಬಹಳ ದಿನದ ರೂಢಿ.

ಇಷ್ಟು ತಿಂಗಳು ನಾನು ಜಿಪುಣತನ ಎಂದು ಜಗಳಾಡಿದ್ದು ಇದಕ್ಕೆ.

"ಯಾವುದು ತಗೋತಿ?" ಎಂದು ಕೇಳಿದರು. ಮನೆಯಿಂದ ಹೊರಟಾಗ, ಸ್ವರ ಎಲ್ಲದರಲ್ಲೂ ನಡುಗಿದರೆ ಆದಷ್ಟು ಕಡಿಮೆ ನಡುಗುವುದನ್ನೇ ಕೊಳ್ಳುವುದೆಂದು ಲೆಕ್ಕ ಹಾಕಿದ್ದೆ. ಗಟ್ಟಿ ತಿದಿಯ ಹೊಸದು ಅದಕ್ಕೆ ಸರಿಯಾಗಿತ್ತು. ಈಗ ಆ ಕಪ್ಪು ಬಣ್ಣದ ಹಳೆಯದರ ಕಡೆಗೆ ಬೆರಳು ತೋರಿಸಿದೆ. ಅದರ ದನಿಯೇ ದನಿ. ಇನ್ನು ಮುಚ್ಚಿಡುವುದಾದರೂ ಯಾರಿಂದ? ಮುಚ್ಚಿಡಬೇಕಾದವರು ಪಕ್ಕದಲ್ಲೇ ಕುಳಿತು ನನ್ನ ಚಹಾ ಕುಡಿಯುತ್ತಿದ್ದರು.

ಕಾರಿನಲ್ಲಿ ಕುಳಿತ ಮೇಲೆ ಇವರು ಎಂಜಿನ್ ಶುರು ಮಾಡಲಿಲ್ಲ. ಪೆಟ್ಟಿಗೆ ನನ್ನ ತೊಡೆಯ ಮೇಲಿತ್ತು.

"ಯಾವಾಗಿಂದ ಗೊತ್ತದ ನಿಮಗ?" ಎಂದೆ.

"ದೀಪಾವಳಿಕಿಂತ ಮೊದಲಿಂದ. ಬಿಸಿ ಚಹಾ ಕೈಮ್ಯಾಲೆ ಚೆಲ್ಲಿಕೊಂಡು ಏನೂ ಆಗಿಲ್ಲಂತ ಅಂದಿದ್ದಿ. ನೀನಾಗೇ ಹೇಳ್ತಿ ಅಂತ ಸುಮ್ನಿದ್ದೆ."

"ಗೊತ್ತಿದ್ದೂ ಲೀಕ್ ಅದ ಅಂತ ಆ ಅಜ್ಜಿ ಜೋಡಿ ಅಷ್ಟು ವಾದ ಹಾಕಿದ್ರಿ?"

ಇವರು ಎದುರಿನ ಗಾಜು ನೋಡುತ್ತಲೇ ಹೇಳಿದರು: "ಖರೇನ ಲೀಕ್ ಇರ್ಲಿ ಅಂತ ಇತ್ತು ನನಗ. ನನ್ನ ಕೈಯಾಗೂ ಅದು ನಡಗಲಿ ಅಂತ ದೇವರಿಗೆ ಬೇಡಿಕೊಂಡು ಎಳದೆ."

ನನಗೆ ಆಗ ಆದಷ್ಟು ಹೆದರಿಕೆ ಅಲ್ಲಿಯವರೆಗೆ ಎಂದೂ ಆಗಿರಲಿಲ್ಲ. ಹೆದರುವವಳು ನಾನೊಬ್ಬಳೇ ಎಂಬ ಧೈರ್ಯದ ಮೇಲೆ ಇಷ್ಟು ದಿನ ನಡೆದಿತ್ತು. ಆ ಒಂದು ಮಾತು ಹೇಳಲಿ ಎಂದು ಕಾದೆ. ಭೂಮಿ ನಡುಗಿದಾಗ ಹೇಳಿದ್ದರಲ್ಲ, ಅದೇ ಮಾತು. ಸುಳ್ಳಾದರೂ ಸರಿ, ನಾನು ನಂಬಲು ತಯಾರಿದ್ದೆ.

ಇವರು ನನ್ನ ಎಡಗೈಯನ್ನು ತಮ್ಮ ಕೈಯೊಳಗೆ ಹಿಡಿದುಕೊಂಡರು. ಅದು ಅಲ್ಲಿಯೂ ನಡುಗುತ್ತಿತ್ತು.

"ಸೋಮವಾರ ಡಾಕ್ಟರಿಗೆ ಫೋನ್ ಮಾಡೂಣು" ಎಂದರು.