ನಾನು ಹೋಗದ ಭೇಟಿ

ದರ್ಶನ, ದೆವ್ವ, ಕನಸಿನಲ್ಲಿ ಬಂದ ಅಪ್ಪಣೆ, ಇಂಥದ್ದನ್ನೆಲ್ಲ ನಾನು ನಂಬಿದವನಲ್ಲ. ನಮ್ಮ ಚರ್ಚಿನ ಸಭೆಯಲ್ಲಿ ಯಾರಾದರೂ ಎದ್ದು ನಿಂತು ಅಂಥ ಸಾಕ್ಷಿ ಹೇಳಿದರೆ ತಲೆ ತಗ್ಗಿಸಿಕೊಂಡು ನಗು ತಡೆಯುತ್ತಿದ್ದೆ. ಅಪ್ಪ ಮಡಿವಾಳದ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದರು. ನಮ್ಮ ಮನೆತನದಲ್ಲಿ ಡಿಗ್ರಿ ಕಂಡ ಮೊದಲನೆಯವನು ನಾನು. ಕಷ್ಟಪಟ್ಟು ಕಲಿತವನಿಗೆ ಕಂಡಿದ್ದನ್ನಷ್ಟೇ ನಂಬುವ ಹಟ ಇರುತ್ತದೆ. ಹಾಗಾಗಿ ನೀವು ಇದನ್ನು ನಂಬದಿದ್ದರೂ ನನಗೆ ಬೇಸರವಿಲ್ಲ.

ತೊಂಬತ್ತರ ದಶಕದ ಕೊನೆಯ ಮಾತು. ಜಯನಗರದ ನಮ್ಮ ಚರ್ಚಿನಲ್ಲಿ ಕಾಯಿಲೆಯವರ ಮನೆಗಳನ್ನು ಹಂಚಿಕೊಂಡು ವಾರಕ್ಕೊಮ್ಮೆ ಹೋಗಿ ಪ್ರಾರ್ಥಿಸುವ ಪದ್ಧತಿ ಇತ್ತು. ಹೋಗಿ ಬಂದವರು ಭೇಟಿ ಪುಸ್ತಕದಲ್ಲಿ ಮನೆಯ ಹೆಸರು, ಓದಿದ ಬೈಬಲ್ ಕೀರ್ತನೆ ಬರೆದು ಶನಿವಾರ ಸಂಜೆಯೊಳಗೆ ನಮ್ಮ ಪಾದ್ರಿ ಅಯ್ಯನವರ ಮೇಜಿನ ಮೇಲಿಡಬೇಕು. ನನ್ನ ಪಾಲಿಗೆ ಬಂದಿದ್ದವರು ಚಿಕ್ಕಲಸಂದ್ರದ ಸುಗುಣಮ್ಮ ಟೀಚರ್. ಸಂಡೇ ಸ್ಕೂಲಿನಲ್ಲಿ ನನಗೆ ಅಕ್ಷರ ತಿದ್ದಿಸಿದವರು, ಹಾಸ್ಟೆಲಿನವರ ಕಾಲಿಗೆ ಬಿದ್ದು ನನಗೆ ಸೀಟು ಕೊಡಿಸಿದವರು. ಸಕ್ಕರೆ ಕಾಯಿಲೆಯಿಂದ ಅವರ ಕಾಲು ಹುಣ್ಣಾಗಿ ಕೊಳೆಯುತ್ತಿತ್ತು. ನಾನು ಪ್ರತಿ ವಾರ ಹೋಗುತ್ತಿದ್ದೆ, ನಿಜ. ಆದರೆ ಹೊಸ್ತಿಲು ದಾಟುತ್ತಿರಲಿಲ್ಲ. ವಾಸನೆ. ಅಲ್ಲಿಂದಲೇ ಪ್ರಾರ್ಥಿಸಿ ಹೊರಡುತ್ತಿದ್ದೆ.

ಆ ಶನಿವಾರ ಮಧ್ಯಾಹ್ನ ಅವರ ಮಗಳು ಶಾಂತಾ ಫೋನ್ ಮಾಡಿದಳು. "ಅಣ್ಣ, ಅಮ್ಮ ಬೆಳಗ್ಗೆಯಿಂದ ನಿಮ್ಮನ್ನೇ ಕೇಳ್ತಿದ್ದಾರೆ. ಇವತ್ತು ಬರ್ತೀರಲ್ಲ?"

"ಬರ್ತೀನಮ್ಮ" ಎಂದೆ.

ಹೋಗಲಿಲ್ಲ. ಮರುದಿನದ ಆರಾಧನೆಯಲ್ಲಿ ನಾನು ಮಾತಾಡಬೇಕಿತ್ತು. ದೇವರ ಸೇವೆಗೆ ದಿನದಿನವೂ ಸಿದ್ಧರಾಗಿರುವುದು ಹೇಗೆ ಎಂಬುದೇ ವಿಷಯ! ಚರ್ಚಿನ ಪಕ್ಕದ ಕೋಣೆಯಲ್ಲಿ ಕೂತು ಬರೆದೆ, ಹೊಡೆದು ಹಾಕಿದೆ, ಮತ್ತೆ ಬರೆದೆ. ಸಂಜೆಯಾಯಿತು. ಪುಸ್ತಕ ಒಪ್ಪಿಸುವ ಹೊತ್ತು. "ಸುಗುಣಮ್ಮ ಟೀಚರ್, ಚಿಕ್ಕಲಸಂದ್ರ. ನೂರ ಇಪ್ಪತ್ತೊಂದನೇ ಕೀರ್ತನೆ ಓದಿ ಪ್ರಾರ್ಥಿಸಿದೆ" ಎಂದು ಬರೆದಿಟ್ಟೆ. ಕಣ್ಣೆತ್ತಿ ಪರ್ವತಗಳ ಕಡೆಗೆ ನೋಡುತ್ತೇನೆ ಎಂದು ಶುರುವಾಗುವ ಆ ಕೀರ್ತನೆ ನನಗೆ ಬಾಯಿಪಾಠವಾಗಿತ್ತು. ನಾಳೆ ಹೇಗೂ ಹೋಗುತ್ತೇನಲ್ಲ, ಸುಳ್ಳೇನು ಬಂತು ಎಂದುಕೊಂಡೆ.

ಭಾನುವಾರ ನನ್ನ ಮಾತು ಚೆನ್ನಾಗಿಯೇ ಆಯಿತು. ಮುಗಿಸಿ ಕೂತ ಮೇಲೆ ಅಯ್ಯನವರು ಎದ್ದು, ಸುಗುಣಮ್ಮ ಟೀಚರ್ ಬೆಳಗಿನ ಜಾವ ತೀರಿಕೊಂಡರೆಂದು ತಿಳಿಸಿದರು. "ನಮ್ಮ ಬ್ರದರ್ ನಿನ್ನೆ ತಾನೇ ಹೋಗಿ ಪ್ರಾರ್ಥಿಸಿ ಬಂದಿದ್ದಾರೆ. ಸಿದ್ಧವಾಗಿರೋದು ಅಂದ್ರೆ ಇದೇ" ಎಂದೂ ಸೇರಿಸಿದರು. ಆರಾಧನೆ ಮುಗಿದೊಡನೆ ಎಲ್ಲರೂ ಆ ಮನೆಗೆ ಹೊರಡುವುದಿತ್ತು. ಇನ್ನು ಒಂದು ಗಂಟೆಯಲ್ಲಿ ಶಾಂತಾಳ ಎದುರಿಗೆ, ಇಡೀ ಸಭೆಯ ಮುಂದೆ, ನನ್ನ ಮರ್ಯಾದೆ ಹೋಗುವುದಿತ್ತು.

ಆ ಮನೆಯಲ್ಲಿ ಶಾಂತಾ ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. "ನಿನ್ನೆ ನೀವು ಬಂದಿದ್ದಕ್ಕೇ ಅಮ್ಮ ನೆಮ್ಮದಿಯಾಗಿ ಹೋದ್ರಣ್ಣ. ಪರ್ವತಗಳ ಕೀರ್ತನೆ ಓದಿದ್ರಲ್ಲ, ರಾತ್ರಿಯೆಲ್ಲಾ ಅದನ್ನೇ ಹೇಳ್ತಿದ್ರು."

ಅಯ್ಯನವರು ಪುಸ್ತಕ ನೋಡಿ ಮೊದಲೇ ಹೇಳಿರಬೇಕು ಎಂದುಕೊಂಡೆ. ಆದರೆ ಅವಳು ನಿಲ್ಲಿಸಲಿಲ್ಲ. "ಹುಣ್ಣು ತೊಳೆದು ಬಟ್ಟೆ ಕಟ್ಟಿದ್ರಿ. ಹೆತ್ತ ಮಗಳು ನಾನೇ ಮೂಗು ಮುಚ್ಕೋತಿದ್ದೆ."

ಅಷ್ಟರಲ್ಲಿ ಮಹಡಿ ಮನೆಯ ಬಾಡಿಗೆಯವರು, ಹುಬ್ಬಳ್ಳಿ ಕಡೆಯ ಹೆಂಗಸು, ಮೆಟ್ಟಿಲ ಮೇಲಿಂದ ನನ್ನನ್ನು ನೋಡಿ ತಡೆಯಲಾರದೆ ಅಂದರು, "ನಿನ್ನಿ ಗೇಟ್ ಹಾಕಲಾರದ ಹೋದ್ರಲ್ರೀ ಸರ, ಆಕಳ ಒಳಗ ಬಂದು ನನ್ನ ತುಳಸಿ ತಿಂದು ಹೋತು." ಆಕೆಗೆ ನಮ್ಮ ಪುಸ್ತಕದ ವಿಚಾರ ಗೊತ್ತಿರಲು ಸಾಧ್ಯವೇ ಇಲ್ಲ. ನಾನು "ಸಾರಿ" ಎಂದೆ. ಅಷ್ಟು ಹೊತ್ತಿಗೆ ನನಗೆ ಹೊಳೆದ ಮಾತು ಅದೊಂದೇ.

ಮಣ್ಣು ಮಾಡಿದ ಮೂರನೆಯ ದಿನ ಅಯ್ಯನವರ ಬಳಿ ಹೋಗಿ ಎಲ್ಲವನ್ನೂ ಹೇಳಿದೆ. ಅವರು ನನ್ನ ಭುಜ ತಟ್ಟಿದರು. "ಮಾಡಿದ ಸೇವೆ ಮುಚ್ಚಿಡೋಕೆ ಇಷ್ಟೊಂದು ಕಷ್ಟಪಡ್ತೀರಲ್ಲ ಬ್ರದರ್. ಎಂಥಾ ದೀನತೆ!" ಮುಂದಿನ ವರ್ಷ ನನ್ನನ್ನು ಸಭೆಯ ಹಿರಿಯರಲ್ಲಿ ಒಬ್ಬನನ್ನಾಗಿ ಮಾಡಿದರು. ನಾನು ಬೇಡವೆನ್ನಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೂ ಅದೇ ಸತ್ಯ.

ಆ ಶನಿವಾರ ರಾತ್ರಿಯವರೆಗೆ ನಾನು ಚರ್ಚು ಬಿಟ್ಟು ಹೊರಗೆ ಹೋಗಿರಲಿಲ್ಲ. ಚಹಾ ತಂದಿಟ್ಟ ಚರ್ಚಿನ ಕಾವಲುಗಾರ ಅದಕ್ಕೆ ಸಾಕ್ಷಿ. ಮೈಮರೆತು ಹೋಗಿದ್ದೆನೇ ಎಂದು ನನ್ನನ್ನೇ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಬೂಟಿಗೆ ಮಣ್ಣಿರಲಿಲ್ಲ, ಜೇಬಿನಲ್ಲಿ ಬಸ್ ಟಿಕೆಟ್ಟಿರಲಿಲ್ಲ. ದೇವರೇ ಯಾರನ್ನೋ ಕಳಿಸಿದ ಎಂದರೆ ಒಪ್ಪಲು ಕಷ್ಟವಿಲ್ಲ. ಆದರೆ ನನ್ನ ಮುಖ ಯಾಕೆ ಕೊಟ್ಟ? ಅದು ಕರುಣೆಯೋ ಶಿಕ್ಷೆಯೋ ಇವತ್ತಿಗೂ ತಿಳಿದಿಲ್ಲ.

ಹಲವು ವರ್ಷ ಬಿಟ್ಟು ಶಾಂತಾಳಿಗೂ ಹೇಳಿದೆ. ಅವಳು ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ನನ್ನ ಮುಖವನ್ನೊಮ್ಮೆ ದಿಟ್ಟಿಸಿ ನೋಡಿದಳು.

"ಹಾಗೇ ಇರ್ಲಿ ಬಿಡಿ ಅಣ್ಣ," ಎಂದಳು. "ಅವತ್ತು ಬಂದಿದ್ದವರಿಗೆ ಅಮ್ಮ ಅಂದ್ರೆ ತುಂಬಾ ಪ್ರೀತಿ ಇತ್ತು."