ನಾವು ಡಾಕ್ಟರ ಬಳಿ ಹೋಗದ ದಿನ

ಚೆನ್ನೈನ ಅಡ್ಯಾರ್‌ನಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಎದುರು ಮನೆಯವರು ವ್ಯಾಪಾರಸ್ಥ ಮುಸ್ಲಿಮರ ಒಂದು ಸಣ್ಣ ಪಂಗಡದವರು. ಆ ಮನೆಯ ಸೊಸೆ ಹುಬ್ಬಳ್ಳಿಯಲ್ಲಿ ಬೆಳೆದವಳು. ನನ್ನ ಜೊತೆ ಕನ್ನಡ ಮಾತಾಡುವುದೆಂದರೆ ಅವಳಿಗೆ ತವರಿಗೆ ಹೋಗಿಬಂದಷ್ಟು ಖುಷಿ. ಅವಳ ಏಳು ವರ್ಷದ ಮಗಳು ಸ್ಕೂಲಿನಿಂದ ನೇರ ನಮ್ಮ ಮನೆಗೇ ಬಂದು, ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ತಮಿಳಿನಲ್ಲಿ ಉತ್ತರ ಕೊಡುತ್ತಿದ್ದಳು.

ಒಂದು ಮಧ್ಯಾಹ್ನ ಸೊಸೆ ಬಂದು ಅಡುಗೆಮನೆಯಲ್ಲಿ ನಿಂತುಕೊಂಡೇ ಹೇಳಿದಳು. ಅವರಲ್ಲಿ ಈ ವಯಸ್ಸಿನ ಹೆಣ್ಣುಮಕ್ಕಳಿಗೆ ಖತ್ನಾ ಮಾಡಿಸುತ್ತಾರೆ, ಗುಪ್ತಾಂಗದ ಚರ್ಮ ಕೊಯ್ಯುತ್ತಾರೆ. ಅತ್ತೆ ಒಬ್ಬ ಡಾಕ್ಟರಮ್ಮನನ್ನು ಗೊತ್ತುಮಾಡಿದ್ದಾರೆ.

"ಧರ್ಮ ಅಂತಾರ್ರೀ ಅಕ್ಕಾರ. ಎಲ್ಲೈತಿ ತೋರಸ್ರಿ ಅಂದ್ರ, ಹಿರ್ಯಾರ ಕಾಲದಿಂದ ಬಂದೈತಿ ಅಂತಾರ. ನನಗೂ ಮಾಡಿಸ್ಯಾರ. ಚಾಕಲೇಟ್ ಕೊಡಸ್ತೀವಿ ಅಂತ ಕರಕೊಂಡು ಹೋಗಿದ್ರು."

"ನಿಮ್ಮನೆಯವ್ರು ಏನಂತಾರೆ?"

"ಅದು ಹೆಂಗಸರ ವಿಷಯ ಅಂತಾರ, ಪೇಪರ್ ಓದಕೊಂತ ಕುಂದರ್ತಾರ."

ನನಗೆ ಮೈಯೆಲ್ಲ ಉರಿಯಿತು. ಹೆಂಗಸರ ಮೈ ಯಾರಿಗಾಗಿ ಹದ್ದುಬಸ್ತಿನಲ್ಲಿರಬೇಕೋ ಅವರಿಗೆ ಮಾತ್ರ ಇದರ ಸಂಬಂಧವಿಲ್ಲ. ಆದರೆ ಮುಟ್ಟಾದಾಗ ನಮ್ಮ ಶ್ರೀವೈಷ್ಣವ ಮನೆಯಲ್ಲಿ ನನ್ನನ್ನು ಹಿಂದಿನ ಕೋಣೆಯಲ್ಲಿ ಕೂರಿಸುತ್ತಿದ್ದವರೂ ಹೆಂಗಸರೇ.

ಅತ್ತೆಗೆ ಎದುರಾಡುವ ಧೈರ್ಯ ಅವಳಿಗಿರಲಿಲ್ಲ. ಮಗಳನ್ನು ಒಪ್ಪಿಸುವ ಮನಸ್ಸೂ ಇರಲಿಲ್ಲ. ಮಂಡಿನೋವಿನ ಅತ್ತೆ ಜೊತೆಗೆ ಬರುವಂತಿರಲಿಲ್ಲ. ಗೊತ್ತುಮಾಡಿದ ದಿನ ಡಾಕ್ಟರ ಬಳಿ ಹೋಗುತ್ತೇವೆಂದು ಅವರಿಗೆ ಹೇಳಿ, ನಾವು ಮೂವರೂ ಆಟೋ ಹತ್ತಿ ಎಗ್ಮೋರ್‌ನ ಮ್ಯೂಸಿಯಂಗೆ ಹೋದೆವು. ಹಳೆಯ ಫಿರಂಗಿಗಳನ್ನು ನೋಡಿ ಮಗು ಕುಣಿಯಿತು. ವಾಪಸಾಗುವಾಗ ತಾಯಿ, "ಮನ್ಯಾಗ ಓಡಬ್ಯಾಡ, ಹಾರಬ್ಯಾಡ, ಅಜ್ಜಿ ಕಡೆ ಜಳಕ ಮಾಡಸ್ಕೋಬ್ಯಾಡ" ಎಂದು ಮತ್ತೆ ಮತ್ತೆ ಹೇಳಿಕೊಟ್ಟಳು. ಮನೆಗೆ ಬಂದು ಅತ್ತೆಗೆ ಎಲ್ಲ ಆಯಿತೆಂದಳು.

ಅಷ್ಟು ಚಿಕ್ಕ ಮಗು ಎಷ್ಟು ಹೊತ್ತು ನಾಟಕ ಆಡೀತು? ಮರುದಿನ ಬೆಳಿಗ್ಗೆಯೇ ಅದು ಮೆಟ್ಟಿಲ ಮೇಲೆ ಧಡಧಡನೆ ಓಡಿ ಇಳಿಯುವಾಗ ಅಜ್ಜಿ ಬಾಗಿಲಲ್ಲಿ ನಿಂತು ನೋಡಿದರು. ನಾನು ಎದುರು ಬಾಗಿಲಲ್ಲಿದ್ದೆ. ಇನ್ನು ಇವರೇ ಎಳೆದುಕೊಂಡು ಹೋಗುತ್ತಾರೆ ಎಂದುಕೊಂಡೆ.

"ನಿನ್ನೆ ನೀವೂ ಹೋಗಿದ್ರಾ?" ಎಂದು ತಮಿಳಿನಲ್ಲಿ ಕೇಳಿದರು.

"ಹೂಂ" ಎಂದೆ.

ಮೊಮ್ಮಗಳು ಇಳಿದ ಮೆಟ್ಟಿಲ ಕಡೆ ನೋಡಿದರು. "ನನಗೆ ಮಾಡಿಸಿದ ದಿನ ಕಾಲು ಹಿಡ್ಕೊಂಡಿದ್ದು ನಮ್ಮಮ್ಮ" ಎಂದರು.

ಆಮೇಲೆ ಮೊಮ್ಮಗಳನ್ನು ಮೇಲೆ ಕರೆದು, ಅವಳ ಫ್ರಾಕು ಸರಿಮಾಡುತ್ತ, ನನಗೂ ತಿಳಿಯುವಂತೆ ತಮಿಳಿನಲ್ಲೇ ಹೇಳಿದರು: "ಸಂಜೆ ನಮ್ಮವರೆಲ್ಲ ನಿನ್ನ ನೋಡೋಕೆ ಬರ್ತಾರೆ. ಅವರು ಹೋಗೋವರೆಗೂ ಓಡಬೇಡ ಕಣ್ಣಾ. ಮೆಲ್ಲಗೆ ನಡಿ, ನೋವಿರೋರ ಥರ."